ಹಿಮ್ಮಡಿಯ ನೋವಿಗೆ ತಾಳ್ಮೆಯ ಚಿಕಿತ್ಸೆ

ಪ್ರಾತಃಕಾಲದಲ್ಲಿ ಹಾಸಿಗೆಯಿಂದಿಳಿದು ಊರಿದ ಮೊದಲ ಹೆಜ್ಜೆಗೇ ಚುಚ್ಚಿ, ತುಸು ನಡೆದ ಬಳಿಕ ಶಮನವಾಗುವ ಹಿಮ್ಮಡಿಯ ವೇದನೆಗೆ ಕಾರಣವು ಬಹುಮಟ್ಟಿಗೆ ಅಂಗಾಲಿನುದ್ದಕ್ಕೂ ಹಬ್ಬಿರುವ ದಪ್ಪ ತಂತುಪಟ್ಟಿಯ ಜರ್ಝರಿತಸ್ಥಿತಿಯೇ ಹೊರತು, ಎಕ್ಸ್‌ರೇಯಲ್ಲಿ ಕಾಣಿಸಿಕೊಂಡು ರೋಗಿಯನ್ನು ಬೆದರಿಸುವ ಮೂಳೆಮುಳ್ಳಲ್ಲ; ನೋವನ್ನೇ ಅರಿಯದ ಅನೇಕರ ಪಾದಗಳಲ್ಲಿಯೂ ಅದು ಇರುವುದುಂಟು. ಶಸ್ತ್ರಚಿಕಿತ್ಸೆಯ ಹಂಗಿಲ್ಲದೆಯೇ ನೂರರಲ್ಲಿ ಸುಮಾರು 80 ಮಂದಿ ವರ್ಷದೊಳಗಾಗಿ ಗುಣ ಹೊಂದುವರಾದುದರಿಂದ, ಏಳುವ ಮುನ್ನ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆಳೆದು ಹಿಡಿಯುವುದು, ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದು, ಗ್ರಾನೈಟ್ ನೆಲದ ಮನೆಯೊಳಗೂ (ಮಡಿವಂತರು ಮನ್ನಿಸಬೇಕು) ಮೆತ್ತನೆಯ ಪಾದರಕ್ಷೆಯನ್ನು ಧರಿಸುವುದು, ಇವೇ ಮೊದಲು ಕೈಗೊಳ್ಳತಕ್ಕ ಉಪಾಯಗಳೆಂದು ನನ್ನ ಮತ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ನೆಮ್ಮದಿಯನ್ನಿತ್ತರೂ, ಆ ಪಟ್ಟಿಯೇ ಹರಿಯುವ ಅಪಾಯವನ್ನೂ ಒಡಗೊಂಡಿರುವುದರಿಂದ, ಅದಕ್ಕಾಗಿ ವೈದ್ಯರನ್ನು ಆತುರಪಡಿಸುವುದು ಯುಕ್ತವಲ್ಲ.