ಅಜ್ಜಿಯ ಮನೆ, ಕೋರ್ಟಿನ ವಾಯಿದೆ

ತುಮಕೂರಿನ ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇದ್ದಾರೆ. ತೀರಿಕೊಂಡ ಯಜಮಾನರು ಬಿಟ್ಟ ಆಸ್ತಿ ಅಂದರೆ ಎರಡಂಕಣದ ಹಂಚಿನ ಮನೆ. ಹಿಂದೆ ತಾವು, ಮುಂದೆ ಬಾಡಿಗೆಯವರು. ತಿಂಗಳಿಗೆ ಆರುನೂರು ರೂಪಾಯಿ. ಮಗಳು ಗಂಡನನ್ನು ಕಳಕೊಂಡು ಇಬ್ಬರು ಮಕ್ಕಳ ಜೊತೆ ವಾಪಸು ಬಂದಿದ್ದಾಳೆ. ಮುಂದಿನ ಭಾಗ ಬಿಟ್ಟುಕೊಡಪ್ಪಾ ಅಂದರೆ 'ಕೋರ್ಟಿಗೆ ಹೋಗಿ' ಅನ್ನೋ ಉತ್ತರ. ಹೋದರು. ಇದು ನಾಲ್ಕನೇ ವರ್ಷ.

ಬಾಡಿಗೆಯವನನ್ನು ಬಯ್ಯೋಕೆ ನಾವು ಹೊರಟಿಲ್ಲ. ಹಮಾಲಿ ಮಾಡುವವನು, ಮೂರು ಮಕ್ಕಳು. ಆರುನೂರಕ್ಕೆ ಈ ಊರಲ್ಲಿ ಇವತ್ತು ದನದ ಕೊಟ್ಟಿಗೆಯೂ ಸಿಗದು. ಮನಸ್ಸು ಬಂದಾಗ ಪಾತ್ರೆಪಡಗ ಬೀದಿಗೆಸೆಯುವ ಮಾಲೀಕರು ಇದ್ದುದರಿಂದಲೇ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಎಚ್.ಆರ್.ಸಿ. ಕೇಸು ಅಂದರೆ ಹಳಬರಿಗೆ ಈಗಲೂ ನೆನಪಿದೆ. ಸ್ವಂತಕ್ಕೆ ಮನೆ ಬೇಕೆಂದರೂ, ಬಿಡಿಸಿದರೆ ಹೆಚ್ಚು ಕಷ್ಟ ಯಾರಿಗೆ ಎಂದು ಕೋರ್ಟು ತೂಗಿ ನೋಡಬೇಕಿತ್ತು. ಅದು ತಪ್ಪೇನಲ್ಲ.

ಎಡವಟ್ಟಾದದ್ದು ಆಮೇಲೆ. 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರಲ್ಲೊಂದು ಗೆರೆ: ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ಮೀರಿದರೆ ಆ ಮನೆಗೆ ಕಾಯ್ದೆಯೇ ಅನ್ವಯಿಸದು. ಏನಾಯ್ತು ನೋಡಿ. ಮೂರಂತಸ್ತು ಎಬ್ಬಿಸಿ ಹದಿನೈದು ಸಾವಿರಕ್ಕೆ ಕೊಟ್ಟವರು ಗೆರೆಯ ಆಚೆ; ಹನ್ನೊಂದು ತಿಂಗಳ ಕರಾರು ಮುಗಿಸಿ ದಾವಾ ಹೂಡಿದರೆ ಯಾಕೆ ಬಿಡಿಸ್ತೀರಿ ಅಂತ ಕೇಳೋರಿಲ್ಲ. ಆರುನೂರರ ಅಜ್ಜಿ ಗೆರೆಯ ಈಚೆ. ಬಡ ಬಾಡಿಗೆದಾರನನ್ನು ಕಾಯುವ ಭಾರವನ್ನು ಸರ್ಕಾರ ಬಡ ಮನೆಯೊಡತಿಯ ತಲೆಗೆ ಕಟ್ಟಿ ಕೈತೊಳೆದುಕೊಂಡಿತು.

ವಿಧವೆಯರು, ಅಂಗವಿಕಲರು, 65 ತುಂಬಿದವರು ತಮ್ಮ ವಾಸಕ್ಕೆ ಬೇಗ ಮನೆ ಬಿಡಿಸಿಕೊಳ್ಳಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ, ಸರಿ. 'ಬೇಗ' ಅನ್ನೋ ಮಾತಿಗೆ ಕೋರ್ಟಿನ ಅಂಗಳದಲ್ಲಿ ಅರ್ಥವೇ ಬೇರೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ 60 ದಿನದ ಮಾತಾಡುತ್ತದೆ. ಆದರೆ ಅದು ಮುಂದಿನ ಕರಾರುಗಳಿಗೆ, ಹಳೇ ಬಾಡಿಗೆಗಳಿಗಲ್ಲ.

ಕಾರಣವಿಲ್ಲದೆ ಬಿಡಿಸಬಾರದು ಎಂಬ ಮಿತಿ ಇರಲಿ ಸ್ವಾಮಿ, ಅದನ್ನು ಕಿತ್ತುಹಾಕಿ ಅನ್ನುತ್ತಿಲ್ಲ. ಇರೋದೊಂದೇ ಮನೆ ಎನ್ನುವವರ ಅರ್ಜಿಗೆ ಬೇರೆ ಪಟ್ಟಿ ಮಾಡಿ, ಇಷ್ಟೇ ತಿಂಗಳು ಅಂತ ಗಡುವು ಹಾಕಿ. ಬಿಡಬೇಕಾದ ಹಮಾಲಿಗೆ ಒಂದು ಸೂರು ಹುಡುಕಿಕೊಡುವುದು ಪಾಲಿಕೆಯ ತಲೆನೋವಾಗಲಿ, ಅಜ್ಜಿಯದಲ್ಲ.

ಮುಂದಿನ ವಾಯಿದೆ ದೀಪಾವಳಿ ಕಳೆದ ಮೇಲಂತೆ. ಮಗಳು, ಮೊಮ್ಮಕ್ಕಳು ಸದ್ಯಕ್ಕೆ ಅಡಿಗೆಮನೆಯಲ್ಲೇ ಮಲಗುತ್ತಿದ್ದಾರೆ.