ಕೀಲಿಕೈ ಇಟ್ಟುಕೊಂಡವಳು

ನಮ್ಮ ಜಿಲ್ಲಾ ಪುಟಗಳ ನಿಧನ ವಾರ್ತೆಗೆ ಒಂದು ಅಚ್ಚಿದೆ. ತೊಂಬತ್ತು ದಾಟಿದ ಹೆಣ್ಣುಮಗಳು ತೀರಿಕೊಂಡರೆ ಆಕೆ ಇಂಥವರ ಧರ್ಮಪತ್ನಿ, ಸದ್ಗೃಹಿಣಿ. ಇಷ್ಟು ಗಂಡು, ಇಷ್ಟು ಹೆಣ್ಣು, ಅಪಾರ ಬಂಧು ಬಳಗ. ಅಂತ್ಯಕ್ರಿಯೆ ಸ್ವಂತ ಹೊಲದಲ್ಲಿ. ಹೊಲ ಕಮಲಾಪುರದ ಕಡೆ, ಮಕ್ಕಳ ಮನೆ ಕಲಬುರಗಿಯಲ್ಲಿ. ನಾಲ್ಕು ಸಾಲಿಗೆ ಮುಗಿಯಿತು.

ಆ ತಲೆಮಾರಿನವರು ಹುಟ್ಟಿದಾಗ ಕಮಲಾಪುರ ನಿಜಾಮನ ಸೀಮೆ. 1948ರ ಸೆಪ್ಟೆಂಬರಿನಲ್ಲಿ ಅದು ಮುಗಿದು, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. ಆಮೇಲೆ ಕಮಲಾಪುರವೇ ತಾಲೂಕಾಯಿತು. ಇಷ್ಟೆಲ್ಲ ಬದಲಾಗುವಾಗ ಆಕೆ ಬದಲಿಸಿದ್ದು ಒಂದೇ ಮನೆ: ತವರಿನಿಂದ ಅತ್ತೆಮನೆಗೆ. ದಫ್ತರದ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬಂದರೂ ಪಹಣಿಯಲ್ಲಿ ಆಕೆಯ ಹೆಸರು ಬರಬೇಕಾದರೆ ಬಹುಮಟ್ಟಿಗೆ ಗಂಡ ಸಾಯಬೇಕಾಗಿತ್ತು.

ನಾವು ಇಂಥವರನ್ನು ಹೊಗಳುವುದು ತ್ಯಾಗಕ್ಕೆ, ತಾಳ್ಮೆಗೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಎರಿ ಹೊಲ, ಮಳೆ ನಂಬಿದ ಬೆಳೆ. ತೊಗರಿ ಕೈಗೆ ಬರುವುದು ವರ್ಷಕ್ಕೊಮ್ಮೆ. ಎಷ್ಟು ಮಾರಬೇಕು, ಬ್ಯಾಳಿ ಮಾಡಲು ಎಷ್ಟು ಇಡಬೇಕು, ಬೀಜಕ್ಕೆ ಎಷ್ಟು, ಮುಂದಿನ ಮುಂಗಾರು ಕೈಕೊಟ್ಟರೆ ಏನು ಗತಿ, ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತ ಯಜಮಾನ ತೀರ್ಮಾನಿಸಿದಂತೆ ಕಾಣುತ್ತಿತ್ತು. ಜೋಳದ ಚೀಲ ಎಷ್ಟು ಉಳಿದಿದೆ ಎಂಬ ಖಬರು ಇದ್ದದ್ದು ಮಾತ್ರ ಸೊಂಟಕ್ಕೆ ಕೀಲಿಕೈ ಸಿಗಿಸಿಕೊಂಡವಳಿಗೆ. ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಹೆಸರುವಾಸಿ ಹಣ್ಣು. ಆದರೆ ಗೊನೆ ಕೈಗೆ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಬೇಕು, ತಿಪ್ಪೆಗೊಬ್ಬರವೂ ಧಾರಾಳ ಬೇಕು. ಆ ಒಂದೂವರೆ ವರ್ಷ ಮನೆ ಉಣ್ಣಬೇಕಲ್ಲ! ಎಳ್ಳ ಅಮಾಸಿಗೆ ಭಜ್ಜಿ, ಸಜ್ಜಿ ರೊಟ್ಟಿ ಬುತ್ತಿ ಕಟ್ಟಿ, ಬಂದವರನ್ನೆಲ್ಲ ಹೊಲದಲ್ಲಿ ಕೂರಿಸಿ ಉಣಿಸಿದವಳು ಮರುದಿನದಿಂದಲೇ ಕೈ ಬಿಗಿ ಹಿಡಿಯುತ್ತಿದ್ದಳು. ಸೊಸೆಯಂದಿರ ಬಾಯಲ್ಲಿ ಅದು ಜಿಪುಣತನ. ಅವರ ದೂರಿನಲ್ಲೂ ನಿಜವಿತ್ತು. ಕೀಲಿಕೈ ಹಿಡಿದ ಅತ್ತೆ ಸದಾ ಮಮತೆಯ ಮೂರ್ತಿಯಾಗಿರಲಿಲ್ಲ.

ಈ ಲೆಕ್ಕವನ್ನು ತತ್ವದ ಎತ್ತರಕ್ಕೆ ಒಯ್ದವಳು ನಮ್ಮ ಸೀಮೆಯ ಹೆಣ್ಣುಮಗಳೇ. ಇಂದಿನ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಲಕ್ಕಮ್ಮ. ಬಿದ್ದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಆಕೆ ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಆಕೆಯನ್ನು ನಾವು ನೆನೆಯುವುದು ಪತಿಗೆ ತಲೆಬಾಗಿದ್ದಕ್ಕಲ್ಲ, ತಿದ್ದಿದ್ದಕ್ಕೆ.

ಕಲಬುರಗಿಯಲ್ಲಿ ಗೃಹಿಣಿಯರ ಹೆಸರು ಫಲಕಕ್ಕೇರಿದ್ದೂ ಉಂಟು. ಗೋದುತಾಯಿ ಹೆಸರಿನ ಮಹಿಳಾ ಕಾಲೇಜು ಯಾರಿಗೆ ಗೊತ್ತಿಲ್ಲ? ಶರಣಬಸವೇಶ್ವರ ಸಂಸ್ಥಾನದ ಏಳನೇ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರ ಪತ್ನಿ; 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದ ಶರಣಬಸಪ್ಪ ಅಪ್ಪ ಅವರ ತಾಯಿ. ದಾಸೋಹದ ಮನೆಯಲ್ಲಿ ಇವತ್ತು ಎಷ್ಟು ಜನ ಉಣ್ಣುತ್ತಾರೆ ಎಂದು ಯಾರೂ ಮುಂಚೆ ಹೇಳಿ ಬರುವುದಿಲ್ಲ. ಅಂಥ ಮನೆಯ ಒಡತಿಯ ಬಗ್ಗೆಯೂ ಕಾಲೇಜಿನ ಹುಡುಗಿಯರನ್ನು ಕೇಳಿದರೆ ‘ಅಪ್ಪಾವರ ತಾಯಿ ಅಲ್ರೀ’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ವೀರಮ್ಮ ಗಂಗಸಿರಿ ಹೆಸರಿನ ಕಾಲೇಜಿನ ಮುಂದೆ ಕೇಳಿದರೆ ಅಷ್ಟೂ ಸಿಗುವುದು ಅನುಮಾನ.

ಲೆಕ್ಕ ಕೇಳುವ ಕೆಲಸ ಕೊನೆಗೆ ನ್ಯಾಯಾಲಯದ ಪಾಲಿಗೆ ಬಂತು, ಅದೂ ಸಾವಿನ ನೆಪದಲ್ಲಿ. ಜಮ್ಶೆಡ್‌ಪುರದ 1989ರ ಬೆಂಕಿ ದುರಂತದ ಪರಿಹಾರ ನಿರ್ಣಯಿಸುತ್ತ 2001ರ ಲತಾ ವಾಧ್ವಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತು. 2021ರ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ರಮಣ ಇನ್ನೂ ಮುಂದೆ ಹೋದರು: 2011ರ ಜನಗಣತಿಯಲ್ಲಿ ಮನೆಗೆಲಸವೇ ಮುಖ್ಯ ಕಸುಬು ಎಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದೊಳಗೆ; 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರ ದುಡಿಮೆ 299 ನಿಮಿಷ, ಗಂಡಸರದ್ದು 97. ಒಳ್ಳೆಯ ತೀರ್ಪುಗಳು, ಅನುಮಾನವಿಲ್ಲ.

ಆದರೆ ವಾಧ್ವಾ ತೀರ್ಪಿನಲ್ಲಿ ಒಂದು ಸಂಗತಿ ಇದೆ. 34ರಿಂದ 59 ವಯಸ್ಸಿನವಳಿಗೆ ವರ್ಷಕ್ಕೆ 36,000 ರೂಪಾಯಿ. 62 ದಾಟಿದವಳಿಗೆ 20,000. ರಟ್ಟೆಯ ಬಲ ಇಳಿದಂತೆ ಬೆಲೆಯೂ ಇಳಿಯಿತು. ಕಮಲಾಪುರದ ಹಳೆಯ ಮನೆಗಳಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಒಲೆ ಸೊಸೆಯ ಕೈಗೆ ಹೋದಮೇಲೇ ಹಿರಿಯಳ ಮಾತಿಗೆ ತೂಕ: ಯಾವ ಮನೆತನದೊಂದಿಗೆ ಬೀಗತನ, ಯಾರ ಬಾಕಿ ಕೇಳಬಾರದು, ಯಾವ ತೆನೆ ಬೀಜಕ್ಕೆ. ಬೇವಿನ ಎಲೆ, ಬೂದಿ ಬೆರೆಸಿ ಬೀಜದ ಗಡಿಗೆಗೆ ಬಾಯಿ ಕಟ್ಟುವಾಗ ಆಕೆ ಬೇರೆ ಯಾರನ್ನೂ ನಂಬುತ್ತಿರಲಿಲ್ಲ. ಆಕೆ ಹೋದ ವರ್ಷ ಆ ಮನೆಯವರು ಬಿತ್ತಿಗೆಗೆ ಬೀಜ ತರಲು ಅಂಗಡಿಗೆ ಹೋದರು.