ಫೈನಲ್ ಇಯರ್ ಮಕ್ಕಳಿಗೆ ಸ್ಟಾಕ್‌ಫಿಶ್ ಕೊಡೋಣ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಕೊನೆಯ ಆಟ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ತಂದರು. ಅದು ತಪ್ಪು ನಡೆ ಎಂದು ಎದುರಿಗೇ ಕಪ್ಪು ಕಾಯಿ ಹಿಡಿದು ಕೂತಿದ್ದ ಗುಕೇಶ್‌ಗೂ ತಕ್ಷಣ ಹೊಳೆಯಲಿಲ್ಲ. ಮೊಬೈಲಿನಲ್ಲಿ ನೋಡುತ್ತಿದ್ದ ನಮಗೆ ಮಾತ್ರ ಯಾರ ಕೈ ಮೇಲಿದೆ ಎಂದು ತೋರಿಸುವ ಪರದೆಯ ಅಂಚಿನ ಪಟ್ಟಿ ಪೂರ್ತಿ ಕಪ್ಪಾಗಿ ವಿಷಯ ತಿಳಿಸಿಬಿಟ್ಟಿತ್ತು. ಆನೆಗೆ ಆನೆ, ಒಂಟೆಗೆ ಒಂಟೆ ಹೋದ ಮೇಲೆ ಉಳಿಯುವ ಕಾಲಾಳುಗಳ ಆಟದಲ್ಲಿ ಕಪ್ಪಿಗೇ ಗೆಲುವು.

ಅಂಥ ಪಟ್ಟಿಗಳ ಹಿಂದೆ ಸಾಮಾನ್ಯವಾಗಿ ಕೆಲಸ ಮಾಡುವುದು ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಂ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವ, ಭಾನುವಾರ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಚೆಸ್ ಹೇಳಿಕೊಡುವ ನನಗೆ ಎರಡೂ ಕಡೆಯಿಂದ ಅದರ ಋಣವಿದೆ. ಹತ್ತು ವರ್ಷದ ಹುಡುಗಿಯೊಬ್ಬಳು ತಾನು ಸೋತ ಆಟವನ್ನು ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಹಾಕಿ, ಎಲ್ಲಿ ಎಡವಿದೆ ಎಂದು ತಾನೇ ಹುಡುಕಿಕೊಳ್ಳುತ್ತಾಳೆ. ಅವಳ ಅಪ್ಪ ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇಂಥ ವಿಶ್ಲೇಷಣೆ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳಿಗೂ ಸಿಗುತ್ತಿರಲಿಲ್ಲ.

ಇದನ್ನು ಯಾವ ಕಂಪನಿಯೂ ಕಟ್ಟಿಲ್ಲ. ನಾರ್ವೆಯ ಟೋರ್ಡ್ ರೊಮ್‌ಸ್ಟಾಡ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಗ್ಲೌರುಂಗ್ ಎಂಬ ಪ್ರೋಗ್ರಾಂ ಇತ್ತು. 2008ರಲ್ಲಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದನ್ನೇ ತೆಗೆದುಕೊಂಡು ಸ್ಟಾಕ್‌ಫಿಶ್ ಶುರು ಮಾಡಿದರು. ಫಿನ್‌ಲೆಂಡಿನ ಯೋನಾ ಕೀಸ್ಕಿ ಜೊತೆಗೂಡಿದರು. ಅಲ್ಲಿಂದೀಚೆಗೆ ನೂರಾರು ಜನ, ಬಹುಪಾಲು ತಮ್ಮ ನೌಕರಿ ಮುಗಿಸಿಕೊಂಡು ರಾತ್ರಿ ಕೂತು, ಅದನ್ನು ತಿದ್ದಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಿದ್ದುವ ಕ್ರಮ. ಪ್ರೋಗ್ರಾಂ ಒಂದು ಸ್ಥಿತಿಯಲ್ಲಿ ಇರುವ ನಡೆಗಳನ್ನೆಲ್ಲ ಒಂದೇ ಆಳಕ್ಕೆ ನೋಡುವುದಿಲ್ಲ. ಒಳ್ಳೆಯದಿರಬಹುದು ಅನ್ನಿಸಿದ್ದನ್ನು ಮೊದಲಿಟ್ಟು ಆಳವಾಗಿ, ಸಾಲಿನ ಕೊನೆಯವನ್ನು ಮೇಲುಮೇಲೆ ನೋಡುತ್ತದೆ. ಹಾಗೆ ನೋಡಿದ್ದರಲ್ಲಿ ಯಾವುದಾದರೂ ಚೆನ್ನಾಗಿ ಕಂಡರೆ ಮತ್ತೆ ಪೂರ್ತಿ ಆಳಕ್ಕೆ ಇಳಿಯುತ್ತದೆ. ಎಷ್ಟು ಆಳ ಕಡಿಮೆ ಮಾಡಬೇಕು ಎಂಬ ಲೆಕ್ಕದಲ್ಲಿ ಒಂದು ಸಂಖ್ಯೆಯನ್ನು ಬದಲಿಸಿದರೆ ಆಟ ಸುಧಾರಿಸೀತು ಎಂದು ನಿಮಗೆ ಅನ್ನಿಸಿತು ಅಂದುಕೊಳ್ಳಿ. ಅದು ಬರೀ ಊಹೆ. ನೀವು ಪ್ರೊಫೆಸರಾಗಿದ್ದರೂ ಊಹೆಯೇ, ಪಿಯುಸಿ ಹುಡುಗನಾಗಿದ್ದರೂ ಊಹೆಯೇ. ಅದನ್ನು ಫಿಶ್‌ಟೆಸ್ಟ್‌ಗೆ ಹಾಕಬೇಕು. 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಕಟ್ಟಿದ ವ್ಯವಸ್ಥೆ ಅದು. ಹೊಸ ಪ್ರೋಗ್ರಾಂ ಹಳೆಯದರ ಮೇಲೆ ಆಡುತ್ತದೆ. ಒಂದೊಂದು ಕಡೆಗೆ ಹತ್ತು ಸೆಕೆಂಡು, ಮೇಲೆ ಪ್ರತಿ ನಡೆಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಒಂದೇ ಆರಂಭದಿಂದ ಎರಡು ಆಟ, ಬಣ್ಣ ಅದಲುಬದಲು. ಇಂತಿಷ್ಟೇ ಆಟ ಎಂಬ ಲೆಕ್ಕವಿಲ್ಲ. ಸಂಖ್ಯಾಶಾಸ್ತ್ರದ ಪ್ರಕಾರ ಸಾಕ್ಷ್ಯ ಸಾಕು ಅನ್ನಿಸುವವರೆಗೆ ಸಾವಿರಗಟ್ಟಲೆ ಆಟ ನಡೆಯುತ್ತಲೇ ಇರುತ್ತದೆ. ಅಲ್ಲಿ ಪಾಸಾದರೆ ಮತ್ತೆ ಒಂದು ನಿಮಿಷದ ಆಟಗಳಲ್ಲಿ ಪರೀಕ್ಷೆ. ಬಹುಪಾಲು ಊಹೆಗಳು ಬಿದ್ದುಹೋಗುತ್ತವೆ. ಬಿದ್ದದ್ದನ್ನು ಯಾರೂ ಅಳಿಸುವುದಿಲ್ಲ. ಯಾರು, ಏನು, ಎಷ್ಟು ಆಟದಲ್ಲಿ ಸೋತಿತು ಎಂಬುದು ಎಲ್ಲರ ಕಣ್ಣಿಗೂ ಬೀಳುವಂತೆ ಅಲ್ಲೇ ಇರುತ್ತದೆ. ಇದ್ದ ಕೋಡಿನ ನಾಲ್ಕು ಸಾಲು ಅಳಿಸಿಯೂ ಆಟದ ಬಲ ಕುಂದಲಿಲ್ಲ ಎಂದು ತೋರಿಸಿದರೆ ಅದನ್ನೂ ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ.

ಆ ಆಟಗಳೆಲ್ಲ ನಡೆಯುವುದು ಜನ ತಮ್ಮ ಮನೆ, ಆಫೀಸುಗಳಿಂದ ಬಿಟ್ಟುಕೊಟ್ಟ ಕಂಪ್ಯೂಟರುಗಳ ಮೇಲೆ. ಒಂದು ಸಾಲೂ ಕೋಡು ಬರೆಯದೆ ಕಂಪ್ಯೂಟರಿನ ಸಮಯವನ್ನಷ್ಟೇ ಕೊಟ್ಟವರಿಗಾಗಿ ಪ್ರೋಗ್ರಾಂ ಜೊತೆಗೇ ಒಂದು ಕಡತವಿದೆ. ಹೆಚ್ಚು ಕೊಟ್ಟವರ ಹೆಸರು, ಎಷ್ಟು ಗಂಟೆ, ಎಷ್ಟು ಆಟ, ಎಲ್ಲವೂ ಅದರಲ್ಲಿ ದಾಖಲಾಗಿದೆ.

ಹೀಗೆ ಬಿಡಿಬಿಡಿಯಾಗಿ ಕೂಡಿದವರು ದೊಡ್ಡ ಕಂಪನಿಗಳ ಮುಂದೆ ನಿಲ್ಲಬಲ್ಲರೇ? 2017ರ ಡಿಸೆಂಬರಿನಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ತನ್ನ ಆಲ್ಫಾಜೀರೊ ಸ್ಟಾಕ್‌ಫಿಶ್ ವಿರುದ್ಧ 100 ಆಟಗಳಲ್ಲಿ ಒಂದನ್ನೂ ಸೋಲದೆ 28 ಗೆದ್ದಿತೆಂದು ಪ್ರಕಟಿಸಿತು. ಆ ಪ್ರೋಗ್ರಾಂ ಮಾತ್ರ ಹೊರಗೆ ಬರಲೇ ಇಲ್ಲ. ಪ್ರಕಟವಾದ ಪ್ರಬಂಧವನ್ನು ಓದಿಯೇ ಸ್ವಯಂಸೇವಕರು ಮರುವರ್ಷ ಲೀಲಾ ಚೆಸ್ ಜೀರೊ ಕಟ್ಟಿದರು. ಜಪಾನಿನಲ್ಲಿ ಯು ನಾಸು ಎಂಬವರು ಅಲ್ಲಿನ ಶೋಗಿ ಆಟಕ್ಕೆಂದು ಸಾಧಾರಣ ಕಂಪ್ಯೂಟರಿನಲ್ಲೂ ವೇಗವಾಗಿ ಓಡುವ ಸಣ್ಣ ನರಜಾಲವನ್ನು 2018ರಲ್ಲಿ ರೂಪಿಸಿದ್ದರು. ಅದು ಸ್ಟಾಕ್‌ಫಿಶ್‌ಗೆ ಬಂತು. 2020ರ ಸೆಪ್ಟೆಂಬರಿನಲ್ಲಿ 12ನೇ ಆವೃತ್ತಿ ಹೊರಬಂದಾಗ ಹಿಂದಿನ ಆವೃತ್ತಿ ಅದರ ಮುಂದೆ ಮಂಕಾಯಿತು. ಆಮೇಲೆ ಆ ನರಜಾಲದ ತರಬೇತಿಗೆ ಪ್ರತಿಸ್ಪರ್ಧಿ ಲೀಲಾದ ಆಟಗಳ ದತ್ತಾಂಶವೇ ಒದಗಿತು. ಎದುರಾಳಿಗೆ ಹೀಗೆ ಕಣಜ ತೆರೆದಿಡುವ ಔದಾರ್ಯ ಮಾರುಕಟ್ಟೆಯಲ್ಲಿ ನಾನು ಕಂಡಿಲ್ಲ.

ಉಚಿತವೆಂದರೆ ವಾರಸುದಾರರಿಲ್ಲ ಎಂದು ತಿಳಿಯಬಾರದು. ಸ್ಟಾಕ್‌ಫಿಶ್ ಬಳಸಿ ಯಾರು ಬೇಕಾದರೂ ವ್ಯಾಪಾರ ಮಾಡಬಹುದು, ಆದರೆ ಮೂಲವನ್ನು ಹೇಳಬೇಕು, ತಾವು ತಿದ್ದಿದ ಕೋಡನ್ನೂ ಕೊಳ್ಳುವವರಿಗೆ ಕೊಡಬೇಕು. ಈ ಷರತ್ತು ಮುರಿದಿದೆಯೆಂದು ತಂಡ 2021ರಲ್ಲಿ ಜರ್ಮನಿಯ ಚೆಸ್‌ಬೇಸ್ ಕಂಪನಿಯ ಮೇಲೆ ಮ್ಯೂನಿಕ್‌ನಲ್ಲಿ ದಾವೆ ಹೂಡಿತು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಸಂಬಳವಿಲ್ಲದೆ ದುಡಿದವರು ಕೋರ್ಟಿನ ತನಕ ಹೋಗಿ ತಮ್ಮ ಷರತ್ತನ್ನು ಉಳಿಸಿಕೊಂಡದ್ದು ನನಗೆ ಹೆಮ್ಮೆಯ ಸಂಗತಿ.

ಈಗ ನಮ್ಮ ಕಾಲೇಜುಗಳ ಮಾತಿಗೆ ಬರುತ್ತೇನೆ. ನಮ್ಮ ಊರುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟನ್ನು ಹಣ ಕೊಟ್ಟು ತರುವುದು ಗುಟ್ಟಾಗಿಯೇನೂ ಉಳಿದಿಲ್ಲ. ಕೋಡು, ರಿಪೋರ್ಟು, ವೈವಾಕ್ಕೆ ಪ್ರಶ್ನೋತ್ತರ, ಎಲ್ಲ ಒಂದೇ ಪ್ಯಾಕೇಜು. ಮಕ್ಕಳಷ್ಟೇ ತಪ್ಪಿತಸ್ಥರು ಎಂದು ನಾನು ಹೇಳಲಾರೆ. 'ಔಟ್‌ಪುಟ್ ತೋರಿಸು' ಎನ್ನುವ ಪರೀಕ್ಷೆಯಲ್ಲಿ ಔಟ್‌ಪುಟ್ ಬಾರದ ಪ್ರಾಮಾಣಿಕ ಕೆಲಸಕ್ಕೆ ಅಂಕ ಎಲ್ಲಿದೆ?

ಅವರಿಗೆ ಸ್ಟಾಕ್‌ಫಿಶ್‌ನಂಥ ಜೀವಂತ ಪ್ರೋಗ್ರಾಂ ಕೊಡೋಣ. ಕೋಡು ಸಿ ಪ್ಲಸ್ ಪ್ಲಸ್‌ನಲ್ಲಿದೆ, ನಾವು ಕಲಿಸುವ ಭಾಷೆಯೇ. ಮೊದಲ ತಿಂಗಳು ಹುಡುಕಾಟದ ಭಾಗವನ್ನು ಓದುವುದರಲ್ಲೇ ಹೋಗಲಿ. ಕಂಪೈಲ್ ಮಾಡಿ 'ಬೆಂಚ್' ಎಂದು ಕೊಟ್ಟರೆ ಪ್ರೋಗ್ರಾಂ ನಿಗದಿತ ಸ್ಥಿತಿಗಳನ್ನು ಪರಿಶೀಲಿಸಿ ಕೊನೆಗೆ ಒಂದು ಸಂಖ್ಯೆ ಹೇಳುತ್ತದೆ. ತಿದ್ದುಪಡಿಯ ಜೊತೆ ಆ ಸಂಖ್ಯೆ ಬರೆಯಬೇಕು. ಪರೀಕ್ಷಿಸುವ ಯಂತ್ರದಲ್ಲಿ ಅದೇ ಬಾರದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಬೇರೆಯವರಿಂದ ಕೊಂಡು ತಂದ ಕೋಡು ಇಂಥ ಕಡೆ ನಡೆಯುವುದಿಲ್ಲ.

ಲ್ಯಾಬಿನ ಕಂಪ್ಯೂಟರುಗಳನ್ನೂ ಫಿಶ್‌ಟೆಸ್ಟ್‌ಗೆ ಜೋಡಿಸಬಹುದು. ಇದಕ್ಕಾಗಿ ರಾತ್ರಿಯಿಡೀ ಉರಿಸಬೇಕೆಂದು ನಾನು ಕೇಳುತ್ತಿಲ್ಲ. ಕರೆಂಟ್ ಬಿಲ್ಲಿನ ಕಷ್ಟ ನನಗೂ ಗೊತ್ತು. ಹಗಲು ಹೇಗೂ ಅವು ಆನ್ ಆಗಿರುತ್ತವೆ, ಮಕ್ಕಳು ಟೈಪ್ ಮಾಡುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ಖಾಲಿ ಬಿದ್ದಿರುತ್ತದೆ. ನಾಲ್ಕು ಕೋರಿನಲ್ಲಿ ಎರಡನ್ನು ಕೊಟ್ಟು, ಬೇಕೆಂದಾಗ ನಿಲ್ಲಿಸಬಹುದು. ಬಿಲ್ಲು ಸ್ವಲ್ಪ ಏರುತ್ತದೆ, ಅಷ್ಟು ನಾವು ಕೊಡಬೇಕು.

ಮುಂದಿನ ಸೆಮಿಸ್ಟರಿಗೆ ನನ್ನ ಒಂದು ತಂಡ ಇದಕ್ಕೆ ಒಪ್ಪಿದೆ. ಅವರ ತಿದ್ದುಪಡಿ ಫಿಶ್‌ಟೆಸ್ಟ್‌ನಲ್ಲಿ ಬೀಳುವ ಸಾಧ್ಯತೆಯೇ ಹೆಚ್ಚು. ವೈವಾಕ್ಕೆ ಬರುವ ಪರೀಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಏಕೆ ಬಿತ್ತು ಎಂದು ಕೇಳಿ, ಅದನ್ನು ಬೋರ್ಡಿನ ಮೇಲೆ ಬಿಡಿಸಿ ಹೇಳಿದರೆ ಪೂರ್ತಿ ಅಂಕ ಕೊಡಿ.